ಪ್ರಯೋಗಾಲಯದ ವರದಿ ಬಂದ ಮೇಲೂ ಆರೋಪಿ ಬಿಡುಗಡೆಯಾಗುವುದೇಕೆ?

ಕೋಡಿಬಾಗದ ಓದುಗ, ಕಾರವಾರ:

ವೇದಿಕೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಕೊಲೆಯೋ ಅತ್ಯಾಚಾರವೋ ನಡೆದ ಕೆಲವೇ ದಿನಗಳಲ್ಲಿ ‘ಡಿಎನ್‌ಎ ಹೊಂದಿಕೆಯಾಗಿದೆ’, ‘ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಕೈಸೇರಿದೆ’ ಎಂಬ ಸುದ್ದಿ ಮುಖಪುಟದಲ್ಲಿ ಬರುತ್ತದೆ. ನಾವೂ ಪ್ರಕರಣ ಮುಗಿದೇ ಹೋಯಿತೆಂದು ಭಾವಿಸುತ್ತೇವೆ. ವರ್ಷಗಳು ಕಳೆದ ಮೇಲೆ ಅದೇ ಆರೋಪಿ ಸಂಶಯದ ಲಾಭ ಪಡೆದು ಬಿಡುಗಡೆಯಾದ ಸುದ್ದಿ ಒಳಪುಟದ ಮೂಲೆಯಲ್ಲಿರುತ್ತದೆ. ವಿಜ್ಞಾನ ತಪ್ಪು ಹೇಳಿತೇ, ನ್ಯಾಯಾಲಯ ವಿಜ್ಞಾನವನ್ನು ಒಪ್ಪಲಿಲ್ಲವೇ, ಅಥವಾ ಇವೆರಡರ ನಡುವೆ ಎಲ್ಲೋ ಏನೋ ಕಳೆದುಹೋಯಿತೇ ಎಂಬುದು ನನ್ನ ಪ್ರಶ್ನೆ. ಇಲ್ಲಿ ವಕೀಲರೂ ವೈದ್ಯರೂ ಪ್ರಯೋಗಾಲಯದಲ್ಲಿ ದುಡಿದವರೂ ಇದ್ದಾರೆಂಬ ಧೈರ್ಯದಿಂದ ಕೇಳುತ್ತಿದ್ದೇನೆ. ವಿಚಾರಣೆಯಲ್ಲಿರುವ ನಮ್ಮ ಜಿಲ್ಲೆಯ ಪ್ರಕರಣಗಳ ಹೆಸರನ್ನು ಯಾರೂ ಎಳೆದು ತರಬಾರದೆಂದು ಮೊದಲೇ ವಿನಂತಿ.

ಕುಮಟೆಯ ವಕೀಲ:

ಓದುಗರೇ, ನಿಮ್ಮ ಮೂರನೆಯ ಊಹೆಯೇ ಹಲವು ಪ್ರಕರಣಗಳಲ್ಲಿ ನಿಜವಾಗುತ್ತದೆ. ಕಾನೂನಿನ ದೃಷ್ಟಿಯಲ್ಲಿ ಪ್ರಯೋಗಾಲಯದ ವರದಿಯೆಂದರೆ ತಜ್ಞರ ಅಭಿಪ್ರಾಯ, ಅಷ್ಟೇ. ಹಿಂದಿನ ಸಾಕ್ಷ್ಯ ಅಧಿನಿಯಮದ 45ನೆಯ ಕಲಮಿನಲ್ಲಿ ಇದ್ದದ್ದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 39ನೆಯ ಕಲಮಾಗಿದೆ. ತಜ್ಞರು ಉತ್ತರಿಸುವ ಪ್ರಶ್ನೆಯೂ ಬಹಳ ಚಿಕ್ಕದು. ‘ಈ ಅಂಗಿಯ ಮೇಲಿನ ರಕ್ತ ಮೃತನದೇ?’ ಎಂದು ಕೇಳಿದರೆ ಹೌದು, ಅಲ್ಲ, ಹೇಳಲಾಗದು ಎಂಬ ಮೂರರಲ್ಲಿ ಒಂದು ಉತ್ತರ ಸಿಗುತ್ತದೆ. ಆ ಅಂಗಿ ಯಾರದು, ಯಾರ ಮನೆಯಲ್ಲಿ ಯಾವ ಪಂಚರ ಎದುರು ಸಿಕ್ಕಿತು, ರಕ್ತ ಹಲ್ಲೆಯ ವೇಳೆ ತಗುಲಿತೋ ಅಥವಾ ಗಾಯಾಳುವನ್ನು ಎತ್ತಿ ರಿಕ್ಷಾದಲ್ಲಿ ಮಲಗಿಸುವಾಗ ತಗುಲಿತೋ ಎಂಬುದನ್ನೆಲ್ಲ ಬೇರೆ ಸಾಕ್ಷ್ಯಗಳು ಹೇಳಬೇಕು.

ಒಂದು ನಿದರ್ಶನ ಕೊಡುತ್ತೇನೆ. ದೆಹಲಿಯ ಛಾವ್ಲಾದಲ್ಲಿ 2012ರಲ್ಲಿ ಯುವತಿಯೊಬ್ಬಳನ್ನು ಅಪಹರಿಸಿ, ಅತ್ಯಾಚಾರವೆಸಗಿ ಕೊಂದ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮೂವರನ್ನು ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ ಬಿಡುಗಡೆ ಮಾಡಿತು. ಅಲ್ಲಿ ಡಿಎನ್‌ಎ ವರದಿ ಆರೋಪಿಗಳ ವಿರುದ್ಧವೇ ಇತ್ತು. ಆದರೆ 2012ರ ಫೆಬ್ರವರಿ 14 ಮತ್ತು 16ರಂದು ಸಂಗ್ರಹಿಸಿದ ಮಾದರಿಗಳು ಪ್ರಯೋಗಾಲಯಕ್ಕೆ ಹೋದದ್ದು ಫೆಬ್ರವರಿ 27ರಂದು. ಅಷ್ಟು ದಿನ ಅವು ಜಪ್ತಿ ಮಾಡಿದ ವಸ್ತುಗಳನ್ನಿಡುವ ಠಾಣೆಯ ಮಾಲುಖಾನೆಯಲ್ಲಿದ್ದವು. ನಡುವೆ ಯಾರೂ ಕೈಯಾಡಿಸಿಲ್ಲವೆಂಬುದಕ್ಕೆ ಖಾತರಿ ಏನೆಂದು ನ್ಯಾಯಾಲಯ ಕೇಳಿತು. ವರದಿಯ ಹಿಂದಿನ ತಾಂತ್ರಿಕ ಆಧಾರವನ್ನು ಕೆಳಗಿನ ನ್ಯಾಯಾಲಯಗಳು ಪರಿಶೀಲಿಸಿರಲಿಲ್ಲವೆಂದೂ ಹೇಳಿತು. ತೀರ್ಪನ್ನು ಕೇಳಿ ಮೃತಳ ಮನೆಯವರಿಗೆ ಆದ ಸಂಕಟವನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಪ್ರಾಣ ತೆಗೆಯುವ ಶಿಕ್ಷೆಗೆ ಆಧಾರವಾದ ಪೊಟ್ಟಣದ ಲೆಕ್ಕವನ್ನು ಕೇಳದೆ ಬಿಡುವ ನ್ಯಾಯಾಲಯವೂ ನಮಗೆ ಬೇಡ.

2025ರ ಜುಲೈನಲ್ಲಿ ತಮಿಳುನಾಡಿನ ಇನ್ನೊಂದು ಮರಣದಂಡನೆ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅನ್ವಯವಾಗುವ ನಿರ್ದೇಶನಗಳನ್ನೇ ಕೊಟ್ಟಿದೆ. ಡಿಎನ್‌ಎ ಮಾದರಿ ಸಂಗ್ರಹಿಸಿದ 48 ಗಂಟೆಗಳೊಳಗೆ ಪ್ರಯೋಗಾಲಯ ತಲುಪಬೇಕು, ತಡವಾದರೆ ಕಾರಣವನ್ನು ಬರೆದಿಡಬೇಕು, ವಿಚಾರಣಾ ನ್ಯಾಯಾಲಯದ ಅನುಮತಿಯಿಲ್ಲದೆ ಪೊಟ್ಟಣವನ್ನು ಮತ್ತೆ ತೆರೆಯಬಾರದು, ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ವಹಿಯನ್ನು ಕೊನೆಯವರೆಗೆ ಇಡಬೇಕು.

ನಿವೃತ್ತ ಪ್ರಯೋಗಾಲಯದವ, ಅಂಕೋಲಾ:

ವಕೀಲರ ಮಾತಿಗೆ ಪ್ರಯೋಗಾಲಯದ ಒಳಗಿನಿಂದ ಒಂದಿಷ್ಟು ಸೇರಿಸುತ್ತೇನೆ. ಪೊಟ್ಟಣ ಬಂದೊಡನೆ ನಾವು ಮಾಡುತ್ತಿದ್ದ ಮೊದಲ ಕೆಲಸಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಬಟ್ಟೆಯಲ್ಲಿ ಹೊಲಿದ ಪೊಟ್ಟಣದ ಮೇಲಿನ ಅರಗಿನ ಮೊಹರನ್ನು, ಠಾಣೆಯವರು ಪತ್ರದ ಜೊತೆಗೆ ಬೇರೆಯಾಗಿ ಕಳಿಸಿದ ಮೊಹರಿನ ಮಾದರಿಯ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಅರಗು ಬಿರುಕು ಬಿಟ್ಟಿದ್ದರೆ, ಹೊಲಿಗೆ ಸಡಿಲಾಗಿದ್ದರೆ, ಚೀಟಿಯಲ್ಲಿ ‘ಲುಂಗಿ’ ಎಂದಿದ್ದು ಒಳಗೆ ಪಂಚೆ ಕಂಡರೆ ಅದನ್ನು ಹಾಗೆಯೇ ದಾಖಲಿಸಬೇಕು. ಪಾಟೀಸವಾಲಿನಲ್ಲಿ ಪ್ರಕರಣ ಬೀಳುವುದಿದ್ದರೆ ಹೆಚ್ಚಾಗಿ ಇಲ್ಲೇ ಬೀಳುತ್ತದೆ, ಡಿಎನ್‌ಎ ನಕ್ಷೆಯ ತನಕ ಮಾತು ಹೋಗುವುದೇ ಇಲ್ಲ.

ಎರಡನೆಯದು ನಮ್ಮ ಮಳೆ. ರಕ್ತ ಮೆತ್ತಿದ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ, ಸೂಕ್ಷ್ಮಜೀವಿಗಳು ಡಿಎನ್‌ಎಯನ್ನು ತುಂಡು ತುಂಡು ಮಾಡಿಬಿಡುತ್ತವೆ. ನೆರಳಿನಲ್ಲಿ ಗಾಳಿಗೆ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಬೇಕೆಂಬುದು ನಿಯಮ. ಬಿಸಿಲನ್ನೇ ಕಾಣದ ಜುಲೈ ತಿಂಗಳಿನಲ್ಲಿ ಅಂಕೋಲೆಯಲ್ಲೋ ಸಿದ್ದಾಪುರದಲ್ಲೋ ಬಟ್ಟೆ ಒಣಗಿಸುವುದು ಎಷ್ಟು ಕಷ್ಟವೆಂದು ಮನೆ ಮನೆಗೂ ಗೊತ್ತು. ಠಾಣೆಯಲ್ಲಿ ಅದಕ್ಕಾಗಿ ಒಂದು ಕೋಣೆ ಮತ್ತು ಫ್ಯಾನು ಇರಬೇಕು. ಡಿಎನ್‌ಎ ಪರೀಕ್ಷೆಗೆ ತೆಗೆದ ರಕ್ತವನ್ನು, ಅದು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಬಾಟಲಿಯಲ್ಲಿ ತುಂಬಿ ತಣ್ಣಗೆ ಸಾಗಿಸಬೇಕು. ಇಲ್ಲಿಂದ ಮಂಗಳೂರಿನ ಪ್ರಾದೇಶಿಕ ಪ್ರಯೋಗಾಲಯಕ್ಕೋ ಬೆಂಗಳೂರಿನ ಮಡಿವಾಳದ ಪ್ರಯೋಗಾಲಯಕ್ಕೋ ಹೋಗುವ ದಾರಿಯುದ್ದಕ್ಕೂ ಆ ತಂಪು ಉಳಿಯಬೇಕು.

ಇನ್ನು ಕಾವಲಿನ ವಿಷಯ. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರೇ 2010ರಲ್ಲಿ ಹಡಗು ಹತ್ತಿ ಹೋದದ್ದನ್ನು ಕಂಡ ತಾಲೂಕಿನವನು ನಾನು. ಬೆಟ್ಟದಷ್ಟು ದೊಡ್ಡ ಮುದ್ದೆಮಾಲನ್ನೇ ಕಾಯಲಾಗದ ವ್ಯವಸ್ಥೆ ಮಾದರಿ ಒರೆಸಿ ತೆಗೆದ ಒಂದು ಹತ್ತಿ ಕಡ್ಡಿಯನ್ನು ಹೇಗೆ ಕಾಯುತ್ತದೆಂದು ನ್ಯಾಯಾಧೀಶರು ಕೇಳಿದರೆ ನನಗೆ ಸಿಟ್ಟು ಬರುವುದಿಲ್ಲ.

ಹತ್ತಿ ಕಡ್ಡಿಯೆಂದಾಗ ಜರ್ಮನಿಯ ಸಂಗತಿ ನೆನಪಾಗುತ್ತದೆ. 2007ರಲ್ಲಿ ಹೈಲ್‌ಬ್ರಾನ್ ಎಂಬಲ್ಲಿ ಮಹಿಳಾ ಪೊಲೀಸೊಬ್ಬರ ಕೊಲೆಯಾದಾಗ ಸಿಕ್ಕ ಹೆಂಗಸಿನ ಡಿಎನ್‌ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು 40 ಅಪರಾಧ ಸ್ಥಳಗಳಲ್ಲಿ ಸಿಕ್ಕ ಡಿಎನ್‌ಎಗೆ ಹೊಂದಿತು. ಮಹಾ ಪಾತಕಿಯೊಬ್ಬಳನ್ನು ಊರೂರು ಹುಡುಕಿದರು. 2009ರಲ್ಲಿ ತಿಳಿದದ್ದೇನೆಂದರೆ ಆ ಡಿಎನ್‌ಎ ಕಡ್ಡಿಗಳನ್ನು ತಯಾರಿಸುವ ಕಾರ್ಖಾನೆಯ ಕೆಲಸಗಾರ್ತಿಯದು! ಯಂತ್ರ ಪ್ರತಿ ಸಲವೂ ಸರಿಯಾದ ಉತ್ತರವನ್ನೇ ಕೊಟ್ಟಿತ್ತು.

ಹೊನ್ನಾವರದ ವೈದ್ಯೆ:

ತಾಲೂಕು ಆಸ್ಪತ್ರೆಗಳಲ್ಲಿ ಮರಣೋತ್ತರ ಪರೀಕ್ಷೆ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ನಮ್ಮ ಕರಾವಳಿಯಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ ನೀರಿನಲ್ಲಿ ಸಿಕ್ಕ ಶವದ್ದು: ಮುಳುಗಿ ಸತ್ತದ್ದೋ, ಸತ್ತ ಮೇಲೆ ನೀರಿಗೆ ಹಾಕಿದ್ದೋ? ಬಾಯಿ ಮೂಗಿನಲ್ಲಿ ಬಿಳಿಯ ನೊರೆ, ಉಬ್ಬಿದ ಶ್ವಾಸಕೋಶ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ ಪಾಚಿ ಅಥವಾ ಮರಳು ಇವು ಜೀವಂತ ಮುಳುಗಿದ್ದರ ಸೂಚನೆಗಳು. ಶವ ಕೊಳೆತಿದ್ದರೆ ಇವು ಯಾವುವೂ ಉಳಿದಿರುವುದಿಲ್ಲ. ಆಗ ಡಯಾಟಮ್ ಪರೀಕ್ಷೆಯ ಮೊರೆ ಹೋಗಬೇಕಾಗುತ್ತದೆ.

ಡಯಾಟಮ್‌ಗಳು ನೀರಿನಲ್ಲಿರುವ, ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಪಾಚಿಗಳು. ಇವುಗಳ ಹೊರಗವಚ ಸಿಲಿಕಾದ್ದಾದ್ದರಿಂದ ಕೊಳೆಯುವುದಿಲ್ಲ, ಆಮ್ಲದಲ್ಲಿ ಕರಗುವುದೂ ಇಲ್ಲ. ಮುಳುಗುತ್ತಿರುವವನು ನೀರನ್ನು ಒಳಗೆಳೆದುಕೊಂಡಾಗ ಇವು ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತವೆ. ಹೃದಯ ಇನ್ನೂ ಬಡಿಯುತ್ತಿದ್ದರೆ ಮಾತ್ರ ಆ ರಕ್ತದ ಜೊತೆ ಮೂಳೆಯ ಮಜ್ಜೆಯವರೆಗೆ ತಲುಪುತ್ತವೆ. ಆದ್ದರಿಂದ ತೊಡೆಮೂಳೆಯನ್ನು ತೆಗೆದು ಕಳಿಸುತ್ತೇವೆ. ಪ್ರಯೋಗಾಲಯದಲ್ಲಿ ಮಜ್ಜೆಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಉಳಿದ ಕವಚಗಳನ್ನು ಶವ ಸಿಕ್ಕ ಜಾಗದ ನೀರಿನಲ್ಲಿರುವ ಕವಚಗಳೊಂದಿಗೆ ಹೋಲಿಸುತ್ತಾರೆ. ಸಮುದ್ರದ ಜಾತಿಗಳು ಬೇರೆ, ಸಿಹಿನೀರಿನ ಜಾತಿಗಳು ಬೇರೆ. ಕಡಲಿನಲ್ಲಿ ಸಿಕ್ಕ ಶವದ ಮಜ್ಜೆಯಲ್ಲಿ ಸಿಹಿನೀರಿನ ಜಾತಿಗಳೇ ಇದ್ದರೆ ತನಿಖೆ ಬಾವಿಯತ್ತಲೋ ಹೊಳೆಯತ್ತಲೋ ತಿರುಗಬೇಕಾಗುತ್ತದೆ.

ಇದನ್ನು ಓದಿ ಯಾರೂ ಪರೀಕ್ಷೆಯನ್ನು ಬ್ರಹ್ಮಾಸ್ತ್ರವೆಂದು ತಿಳಿಯಬಾರದು. ನಿಜವಾಗಿ ಮುಳುಗಿ ಸತ್ತವರಲ್ಲೂ ಕೆಲವೊಮ್ಮೆ ಡಯಾಟಮ್ ಸಿಗುವುದಿಲ್ಲ. ಉಪಕರಣ ತೊಳೆದ ನೀರಿನಿಂದಲೇ ಒಂದೆರಡು ಸೇರಿಕೊಳ್ಳುವುದೂ ಉಂಟು. ಹೋಲಿಕೆಗೆಂದು ಸ್ಥಳದ ನೀರನ್ನೇ ತೆಗೆದಿಡದಿದ್ದರೆ ವರದಿ ಬಂದರೂ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ತದಡಿ ದಕ್ಕೆ:

ಮೇಡಂ, ನಾನು ಓದಿದ್ದು ಕಡಿಮೆ, ಆದರೆ ಅಘನಾಶಿನಿಯ ಅಳಿವೆಯಲ್ಲಿ ದೋಣಿ ನಡೆಸುವವನು. ನಮ್ಮ ಹೊಳೆಯಲ್ಲಿ ಉಬ್ಬರದ ಹೊತ್ತಿಗೆ ಉಪ್ಪುನೀರು ಮಿರ್ಜಾನಿನ ಕಡೆಗೆ ಏರುತ್ತದೆ, ಇಳಿತದಲ್ಲಿ ಮೇಲಿನ ನೀರು ಕೆಳಗೆ ಬರುತ್ತದೆ, ಮಳೆಗಾಲದಲ್ಲಂತೂ ಮೇಲಿನ ಸಿಹಿನೀರಿನದೇ ಜೋರು. ಬೆಳಿಗ್ಗೆ ಶವ ಸಿಕ್ಕು, ಸಂಜೆ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡರೆ ಅದು ಬೆಳಗಿನ ನೀರಲ್ಲ. ಅಲ್ಲದೆ ಶವ ಮೊದಲು ತಳಕ್ಕೆ ಹೋಗುತ್ತದೆ, ಉಬ್ಬಿದ ಮೇಲೆ ಏಳುತ್ತದೆ. ಸಿಕ್ಕ ಜಾಗವೇ ಬಿದ್ದ ಜಾಗವೆಂದು ಬರೆದುಕೊಂಡರೆ ಹೇಗೆ?

ಹೊನ್ನಾವರದ ವೈದ್ಯೆ:

ನೀವು ಹೇಳಿದ್ದು ಅಕ್ಷರಶಃ ಸರಿ, ಪಠ್ಯಪುಸ್ತಕಗಳಲ್ಲಿ ಅಳಿವೆಯ ವಿಷಯಕ್ಕೆ ಇಷ್ಟು ಜಾಗ ಕೊಡುವುದಿಲ್ಲ. ಶವ ಸಿಕ್ಕಲ್ಲಿಯೂ, ಬಿದ್ದಿರಬಹುದಾದ ಮೇಲ್ಭಾಗದ ಜಾಗಗಳಲ್ಲಿಯೂ ನೀರನ್ನು ತೆಗೆದು, ಬಾಟಲಿಯ ಮೇಲೆ ಗಂಟೆಯನ್ನೂ ಉಬ್ಬರವೋ ಇಳಿತವೋ ಎಂಬುದನ್ನೂ ಬರೆಯಬೇಕು. ಮಹಜರಿನಲ್ಲಿ ದೋಣಿಯವರೊಬ್ಬರ ಹೇಳಿಕೆ ಇದ್ದರೆ ಅದಕ್ಕೆ ತಜ್ಞರ ವರದಿಯಷ್ಟೇ ಬೆಲೆ ಬರುವ ಸಂದರ್ಭಗಳಿವೆ.

ಗುರುತು ಹಚ್ಚುವ ಕೆಲಸದಲ್ಲಾದರೆ ಡಿಎನ್‌ಎಗೆ ಸಾಟಿಯಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಯಲ್ಲಿ ಹುದುಗಿಹೋದ ಲಾರಿಯನ್ನು ಸೆಪ್ಟೆಂಬರ್ 25ರಂದು ಮೇಲೆತ್ತಿದಾಗ, ಅದರೊಳಗಿದ್ದ ಅವಶೇಷ ಕೇರಳದ ಆ ಚಾಲಕನದೇ ಎಂದು ಖಚಿತವಾದದ್ದು ಡಿಎನ್‌ಎ ಹೋಲಿಕೆಯಿಂದ. ಅದು ಅಪರಾಧದ ಪ್ರಕರಣವಲ್ಲ, ಆದರೆ ವಿಧಾನ ಅದೇ. ಎರಡು ತಿಂಗಳಿಗೂ ಮೀರಿ ಕೆಸರು ನೀರಿನಲ್ಲಿದ್ದ ದೇಹದಿಂದಲೂ ಉತ್ತರ ಸಿಕ್ಕಿತೆಂಬುದನ್ನು ಗಮನಿಸಬೇಕು.

ವಿಷಪ್ರಾಶನದ ಬಗ್ಗೆ ಒಂದೇ ಮಾತು. ಜಠರ, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನು ರಾಸಾಯನಿಕ ಪರೀಕ್ಷೆಗೆ ಕಳಿಸುವಾಗ ಸಾಮಾನ್ಯವಾಗಿ ಅಡಿಗೆ ಉಪ್ಪಿನ ಗಾಢ ದ್ರಾವಣದಲ್ಲಿಡಬೇಕು. ಯಾರಾದರೂ ಫಾರ್ಮಲಿನ್ ಹಾಕಿದರೆ ವಿಷ ಪತ್ತೆ ಮಾಡುವ ಕೆಲಸ ಅಲ್ಲಿಗೇ ಕೆಡುತ್ತದೆ. ಮನೆಯ ಅಟ್ಟದಲ್ಲಿ ಯಾವ ಕೀಟನಾಶಕದ ಡಬ್ಬಿಯಿತ್ತು, ತೋಟಕ್ಕೆ ಯಾವ ಔಷಧಿ ಹೊಡೆದಿದ್ದರು ಎಂಬ ವಿವರ ಪತ್ರದಲ್ಲಿ ಬಂದರೆ ರಸಾಯನ ವಿಭಾಗದವರ ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಯಲ್ಲಾಪುರದ ಸಂದೇಹಿ:

ಎಲ್ಲರೂ ಸಂಗ್ರಹದ ದೋಷವನ್ನಷ್ಟೇ ಹೇಳುತ್ತಿದ್ದೀರಿ, ವಿಜ್ಞಾನದ ದೋಷವನ್ನು ಮುಟ್ಟುತ್ತಿಲ್ಲ. 2012ರ ದೆಹಲಿ ಬಸ್ ಪ್ರಕರಣದಲ್ಲಿ ಕಚ್ಚಿದ ಗುರುತುಗಳನ್ನು ಆರೋಪಿಗಳ ಹಲ್ಲಿಗೆ ಹೋಲಿಸಿದವರು ನಮ್ಮ ಧಾರವಾಡದ ಎಸ್‌ಡಿಎಂ ದಂತ ಮಹಾವಿದ್ಯಾಲಯದ ತಜ್ಞರೆಂದು ಹೆಮ್ಮೆ ಪಟ್ಟವರಲ್ಲಿ ನಾನೂ ಒಬ್ಬ. ಆದರೆ ಕಚ್ಚಿದ ಗುರುತಿನ ಹೋಲಿಕೆಗೆ ಗಟ್ಟಿಯಾದ ವೈಜ್ಞಾನಿಕ ತಳಹದಿಯಿಲ್ಲವೆಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2009ರ ವರದಿಯೂ ಅಲ್ಲಿನ ಅಧ್ಯಕ್ಷರ ಸಲಹಾ ಮಂಡಳಿಯ 2016ರ ವರದಿಯೂ ಹೇಳಿವೆ. ಬೆರಳಚ್ಚಿನ ಕಥೆಯೂ ಅಷ್ಟೇ: 2004ರ ಮ್ಯಾಡ್ರಿಡ್ ರೈಲು ಸ್ಫೋಟದ ಚೀಲದ ಮೇಲಿನ ಗುರುತು ತಮ್ಮ ದೇಶದ ವಕೀಲನೊಬ್ಬನದೆಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಖಚಿತವಾಗಿ ಹೇಳಿ ಅವನನ್ನು ಬಂಧಿಸಿತು, ಆಮೇಲೆ ಸ್ಪೇನಿನ ಪೊಲೀಸರು ಅದು ಬೇರೊಬ್ಬನದೆಂದು ತೋರಿಸಿದರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕೇಂದ್ರ ಆರಂಭವಾದ ಮೇಲೆ ನೂರಕ್ಕೂ ಹೆಚ್ಚು ವರ್ಷಗಳಾದರೂ ಇಂಥದು ನಡೆಯುತ್ತದೆಂದರೆ ಏನನ್ನು ನಂಬಬೇಕು?

ನಿವೃತ್ತ ಪ್ರಯೋಗಾಲಯದವ, ಅಂಕೋಲಾ:

ಸಂದೇಹ ಸರಿಯಾದದ್ದೇ, ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕಚ್ಚಿದ ಗುರುತಿನ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಚರ್ಮ ಹಿಗ್ಗುತ್ತದೆ, ಬಾತುಕೊಳ್ಳುತ್ತದೆ, ಹಲ್ಲಿನ ಅಚ್ಚು ಅದರಲ್ಲಿ ನಿಲ್ಲುವುದಿಲ್ಲ. ರಕ್ತದ ಪರೀಕ್ಷೆ ಹಾಗಲ್ಲ, ಅಲ್ಲಿ ಹಂತಗಳಿವೆ. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಕಲೆಯಿರುವ ಕತ್ತಿಯೊಂದು ಸಿಕ್ಕಿತೆಂದುಕೊಳ್ಳಿ. ಸ್ಥಳದಲ್ಲೇ ಮಾಡುವ ಬಣ್ಣದ ಪರೀಕ್ಷೆ ಹಿಮೋಗ್ಲೋಬಿನ್ನಿಗೆ ಸ್ಪಂದಿಸುವುದರಿಂದ ಬಂಗುಡೆಯ ರಕ್ತಕ್ಕೂ ಬಣ್ಣ ಬರುತ್ತದೆ, ಮನುಷ್ಯನ ರಕ್ತಕ್ಕೂ ಬರುತ್ತದೆ. ಲ್ಯುಮಿನಾಲ್ ಎಂಬ ರಾಸಾಯನಿಕವಾದರೆ ತಾಮ್ರಕ್ಕೂ ಬ್ಲೀಚಿಂಗ್ ಪುಡಿಗೂ ಹೊಳೆಯುತ್ತದೆ. ಅದನ್ನೇ ನೋಡಿ ‘ರಕ್ತ ಪತ್ತೆ’ ಎಂದು ಬರೆಯುವ ವರದಿಗಾರರಿಂದ ಬಹಳ ತೊಂದರೆಯಾಗಿದೆ. ಮುಂದಿನ ಹಂತದಲ್ಲಿ ಅದು ಮನುಷ್ಯನ ರಕ್ತವೇ ಎಂದು ನೋಡಬೇಕು. 1901ರಲ್ಲಿ ಪೌಲ್ ಉಲೆನ್‌ಹುತ್ ಎಂಬ ಜರ್ಮನ್ ವೈದ್ಯ ಇದಕ್ಕೆ ದಾರಿ ಮಾಡಿಕೊಟ್ಟ. ಅದೇ ವರ್ಷ ಬಾಲ್ಟಿಕ್ ಸಮುದ್ರದ ರ್ಯೂಗೆನ್ ದ್ವೀಪದಲ್ಲಿ ಮಕ್ಕಳ ಕೊಲೆಯ ಆರೋಪ ಹೊತ್ತ ಬಡಗಿಯೊಬ್ಬ ತನ್ನ ಬಟ್ಟೆಯ ಮೇಲಿನದು ಮರದ ಬಣ್ಣ, ದನದ ರಕ್ತ ಎಂದು ವಾದಿಸಿದ್ದ. ಅದರಲ್ಲಿ ಮನುಷ್ಯನ ರಕ್ತವೂ ಕುರಿಯ ರಕ್ತವೂ ಇವೆಯೆಂದು ಉಲೆನ್‌ಹುತ್ ತೋರಿಸಿದ. ಇದಾದ ಮೇಲಷ್ಟೇ ಯಾರ ರಕ್ತವೆಂಬ ಡಿಎನ್‌ಎ ಪ್ರಶ್ನೆ.

ಡಿಎನ್‌ಎ ತಂತ್ರ ಅಪರಾಧ ತನಿಖೆಯಲ್ಲಿ ಮೊದಲು ಮಾಡಿದ ಕೆಲಸ ಒಬ್ಬ ಹುಡುಗನನ್ನು ಬಿಡಿಸಿದ್ದು ಎಂಬುದನ್ನೂ ಮರೆಯಬಾರದು. ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿ ಇಬ್ಬರು ಬಾಲಕಿಯರ ಕೊಲೆಗಳಲ್ಲಿ ಒಂದನ್ನು ತಾನೇ ಮಾಡಿದೆನೆಂದು 17 ವರ್ಷದವನೊಬ್ಬ ಒಪ್ಪಿಕೊಂಡಿದ್ದ. 1984ರಲ್ಲಿ ಈ ತಂತ್ರವನ್ನು ಕಂಡುಕೊಂಡಿದ್ದ ಅಲೆಕ್ ಜೆಫ್ರಿಸ್ ಪರೀಕ್ಷಿಸಿದಾಗ ಎರಡೂ ಕೊಲೆಗಳು ಒಬ್ಬನವೇ, ಆದರೆ ಅವನು ಈ ಹುಡುಗನಲ್ಲ ಎಂದು ತಿಳಿಯಿತು. ನಿಜವಾದ ಅಪರಾಧಿಗೆ ಶಿಕ್ಷೆಯಾದದ್ದು 1988ರಲ್ಲಿ.

ಕುಮಟೆಯ ವಕೀಲ:

ದೆಹಲಿ ಬಸ್ ಪ್ರಕರಣದ ಬಗ್ಗೆ ಒಂದು ಸ್ಪಷ್ಟೀಕರಣ. 2017ರ ಮೇ ತಿಂಗಳಿನ ತೀರ್ಪು ಕಚ್ಚಿದ ಗುರುತಿನ ಮೇಲಷ್ಟೇ ನಿಂತಿಲ್ಲ. ಮರಣಪೂರ್ವ ಹೇಳಿಕೆಗಳು, ಗಾಯಗೊಂಡ ಗೆಳೆಯನ ಸಾಕ್ಷ್ಯ, ಡಿಎನ್‌ಎ ಇವೆಲ್ಲ ಒಟ್ಟಿಗೆ ಇದ್ದವು. ಒಂದನ್ನು ತೆಗೆದರೂ ಉಳಿದವು ನಿಲ್ಲುತ್ತಿದ್ದವು. ಮಂಪರು ಪರೀಕ್ಷೆಯ ವಿಷಯದಲ್ಲಿ ಮಾತ್ರ ಸಂದೇಹಿಗಳ ಪಕ್ಷವೇ ಗೆದ್ದಿದೆ: ಬೆಂಗಳೂರಿನಲ್ಲಿ ಈ ಪರೀಕ್ಷೆಗಳು ಧಾರಾಳವಾಗಿ ನಡೆಯುತ್ತಿದ್ದ ಕಾಲದಲ್ಲೇ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಮೆದುಳು ನಕ್ಷೆಯ ಪರೀಕ್ಷೆಗಳನ್ನು ಮಾಡುವುದು ಸಂವಿಧಾನಬಾಹಿರವೆಂದಿತು. ಬೆರಳಚ್ಚು ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲವೆಂದು 1961ರಲ್ಲೇ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹೇಳಿತ್ತು.

ಸೊಪ್ಪಿನಬೆಟ್ಟ, ಶಿರಸಿ:

ಘಟ್ಟದ ಮೇಲಿನವರ ಪ್ರಕರಣಗಳನ್ನೂ ಸೇರಿಸೋಣ. ಕಾಡುಪ್ರಾಣಿಯ ಮಾಂಸ ಸಿಕ್ಕಾಗ ಅದನ್ನು ಹೈದರಾಬಾದಿನ ಸಿಸಿಎಂಬಿಯ (ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ) ಪ್ರಯೋಗಾಲಯದಂಥ ಕಡೆಗೆ ಕಳಿಸಿದರೆ ಮೈಟೊಕಾಂಡ್ರಿಯಾದ ಡಿಎನ್‌ಎಯಿಂದ ಪ್ರಾಣಿಯ ಜಾತಿಯನ್ನು ಹೇಳುತ್ತಾರೆ. ಬೇಯಿಸಿದ ಸಾರಿನ ಪಾತ್ರೆಯಿಂದಲೂ ಉತ್ತರ ಬರಬಹುದು. ಕಾಡುಕೋಣವೋ ಎಮ್ಮೆಯೋ, ಕಡವೆಯೋ ಆಡೋ ಎಂಬುದು ಹೀಗೆ ಸುಲಭವಾಗಿ ತೀರ್ಮಾನವಾಗುತ್ತದೆ. ಕಾಡುಹಂದಿಯ ವಿಷಯದಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ, ಏಕೆಂದರೆ ಕಾಡುಹಂದಿಯೂ ಸಾಕಿದ ಹಂದಿಯೂ ಒಂದೇ ಜಾತಿ. ಬೇರೆ ಬಗೆಯ ಪರೀಕ್ಷೆಯೇ ಬೇಕು. ಕಳ್ಳಸಾಗಣೆಯ ದಿಮ್ಮಿಯಾದರೆ ಕಾಡಿನಲ್ಲಿ ಉಳಿದ ಬೊಡ್ಡೆಯ ಕಡಿದ ಮುಖಕ್ಕೆ ಹೊಂದಿಸಿ ನೋಡುವ ಹಳೆಯ ವಿಧಾನ ಇಂದಿಗೂ ನಡೆಯುತ್ತದೆ.

ಅಂಗಳದಿಂದ ಚಾಲಿ ಅಡಿಕೆಯ ಚೀಲ ಕಳವಾದಾಗ ಎಲ್ಲರೂ ‘ಬೆರಳಚ್ಚಿನವರನ್ನು ಕರೆಸಿ’ ಎನ್ನುತ್ತಾರೆ. ಗೋಣಿಚೀಲದ ಮೇಲೆ ಬೆರಳಚ್ಚು ನಿಲ್ಲುವುದು ದುರ್ಲಭ. ಸಿಗುವುದಿದ್ದರೆ ದಣಪೆಯ ಹೊರಗಿನ ಕೆಂಪು ಮಣ್ಣಿನಲ್ಲಿ ಮೂಡಿದ ಗಾಡಿಯ ಟಯರಿನ ಅಚ್ಚು ಸಿಗಬೇಕು. ಪ್ಲಾಸ್ಟರ್ ಕಲಸಿ ಹೊಯ್ದು ಅಚ್ಚು ತೆಗೆದರೆ ಟಯರಿನ ಒಂದು ಬದಿಯ ಸವೆತ, ಒಂದು ಸೀಳು, ಗೀರಿನಲ್ಲಿ ಸಿಕ್ಕಿಕೊಂಡ ಕಲ್ಲು ಎಲ್ಲವೂ ಕಾಣುತ್ತವೆ. ಪೊಲೀಸರು ಬರುವ ಮುಂಚೆ ಕೇರಿಯ ಜನರೆಲ್ಲ ನೋಡಲು ಬಂದು ಅದರ ಮೇಲೇ ನಿಂತು ಮಾತಾಡುವುದು ನಮ್ಮ ಕಡೆಯ ಪದ್ಧತಿ! ಒಂದು ಅಗಲದ ಬುಟ್ಟಿಯನ್ನು ಮಗುಚಿ ಹಾಕಿದ್ದರೂ ಸಾಕಿತ್ತು.

ಕೋಡಿಬಾಗದ ಓದುಗ, ಕಾರವಾರ:

ಎಲ್ಲರಿಗೂ ಕೃತಜ್ಞತೆಗಳು. ಇನ್ನೆರಡು ಪ್ರಶ್ನೆಗಳಿವೆ. ಮೊಬೈಲ್ ಟವರಿನ ದಾಖಲೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ನೊಂದ ಮನೆಯವರು ಪ್ರಯೋಗಾಲಯದ ವರದಿಯನ್ನು ತಾವೇ ನೋಡಲು ಅವಕಾಶವಿದೆಯೇ?

ಕುಮಟೆಯ ವಕೀಲ:

ಟವರಿನ ದಾಖಲೆ ಫೋನು ಯಾವ ಟವರಿಗೆ ಸಂಪರ್ಕ ಹೊಂದಿತ್ತೆಂಬುದನ್ನು ಹೇಳುತ್ತದೆ, ಫೋನು ಯಾರ ಕೈಯಲ್ಲಿತ್ತೆಂದು ಹೇಳುವುದಿಲ್ಲ. ಗೋವೆಯ ಗಡಿಯ ಮಾಜಾಳಿಯಲ್ಲಿ ನಿಂತವರ ಫೋನು ಗೋವೆಯ ಟವರನ್ನು ಹಿಡಿಯಬಹುದು. ಕಾಳಿಯ ಅಳಿವೆಯಂಥ ಬಯಲು ನೀರಿನ ಮೇಲೆ ಸಂಕೇತ ದೂರ ಸಾಗುತ್ತದೆ, ಘಟ್ಟದ ಮರೆಯಲ್ಲಿ ಹತ್ತಿರದ ಟವರೂ ಸಿಗುವುದಿಲ್ಲ. ಆದ್ದರಿಂದ ಆರೋಪಿ ಊರಿನಲ್ಲಿರಲಿಲ್ಲವೆಂದೋ ಇದ್ದನೆಂದೋ ಸ್ಥೂಲವಾಗಿ ತೋರಿಸಲು ಅದು ಉಪಯುಕ್ತ, ಇಂಥ ಮನೆಯಲ್ಲೇ ಇದ್ದನೆನ್ನಲು ಸಾಲದು. ಯಾವುದೇ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರವಿರಬೇಕು, ಅದರಲ್ಲಿ ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಸಂಖ್ಯೆ ನಮೂದಾಗಬೇಕು. ಅಂಗಡಿಯ ಸಿಸಿಟಿವಿಯಾದರೆ ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ದಾಖಲಾಗುತ್ತ ಹೋಗುವುದರಿಂದ ಮೊದಲ ದಿನವೇ ಲಿಖಿತವಾಗಿ ಕೇಳಿಕೊಳ್ಳಿ.

ಎರಡನೆಯ ಪ್ರಶ್ನೆಗೆ ಉತ್ತರ: ಅವಕಾಶವಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೆಯ ಕಲಮಿನಂತೆ ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಿ ವಿಡಿಯೊ ಮಾಡಿಸಬೇಕೆಂದು 176ನೆಯ ಕಲಮು ಹೇಳುತ್ತದೆ. ಇದನ್ನು ಹಂತ ಹಂತವಾಗಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶ ಕೊಟ್ಟಿದ್ದಾರೆ. ತಜ್ಞರು ಬಂದಿದ್ದರೇ ಎಂದು ನೀವು ಕೇಳುವುದರಲ್ಲಿ ತಪ್ಪಿಲ್ಲ. ಆರೋಪಿ ನ್ಯಾಯಾಲಯಕ್ಕೆ ಹಾಜರಾದ 14 ದಿನಗಳೊಳಗೆ ಪೊಲೀಸ್ ವರದಿ ಮತ್ತು ದಾಖಲೆಗಳ ಪ್ರತಿಯನ್ನು ಅವನಿಗೂ, ವಕೀಲರ ಮೂಲಕ ಹಾಜರಾಗುವ ಸಂತ್ರಸ್ತರಿಗೂ ಉಚಿತವಾಗಿ ಕೊಡಬೇಕೆಂದು 230ನೆಯ ಕಲಮಿನಲ್ಲಿದೆ. ಪ್ರಯೋಗಾಲಯದ ವರದಿ ಅಷ್ಟರೊಳಗೆ ಬಾರದೆ ಹೆಚ್ಚುವರಿ ದೋಷಾರೋಪಪಟ್ಟಿಯ ಜೊತೆ ಬರುವುದು ಸಾಮಾನ್ಯವಾದ್ದರಿಂದ ಅದರ ಪ್ರತಿಗೂ ಅರ್ಜಿ ಹಾಕಿ. ವರದಿ ಕೈಗೆ ಬಂದಾಗ ಕೊನೆಯ ಪುಟದ ಅಭಿಪ್ರಾಯಕ್ಕೆ ಹೋಗುವ ಮುನ್ನ ಪೊಟ್ಟಣ ಸ್ವೀಕರಿಸಿದ ದಿನಾಂಕ ಯಾವುದು, ಮೊಹರು ಸುಸ್ಥಿತಿಯಲ್ಲಿತ್ತೇ ಎಂಬುದನ್ನು ನಿಮ್ಮ ವಕೀಲರಿಂದ ಪರಿಶೀಲಿಸಿಕೊಳ್ಳಿ.